ಹಸಿರು ಕೋಣೆಯ ಮೇಲಿನ ಆರೋಪ

ಮೇಷ್ಟ್ರು: ಹಸಿರಿಗೆ ಏನಾಗಿದೆ ಹೇಳು. ಕಣ್ಣಿಗೆ ತಂಪು.

ಹೆಂಡತಿ: ತಂಪಲ್ಲ ರೀ, ಕತ್ತಲೆ. ನಡುಮಧ್ಯಾಹ್ನ ದೀಪ ಹಾಕ್ಕೊಂಡು ನಿಮ್ಮ ತಂಪನ್ನ ನೋಡಬೇಕು.

ಮೇಷ್ಟ್ರು: ಇಷ್ಟು ವರ್ಷ ಇಲ್ಲದ ಕತ್ತಲೆ ಇವತ್ತು ಎಲ್ಲಿಂದ ಬಂತು?

ಹೆಂಡತಿ: ಇಷ್ಟು ವರ್ಷಾನೂ ಇತ್ತು. ನಾನು ಬಾಗಿಲು ಹಾಕಿಟ್ಟಿದ್ದೆ.

ಇಬ್ಬರೂ ನಿಂತಿದ್ದದ್ದು ಮನೆಯ ಹಿಂಬದಿಯ ಕೋಣೆಯಲ್ಲಿ. ಹೆಸರಿಗೆ ಅದು ನೆಂಟರ ಕೋಣೆ. ನೆಂಟರಿಗಿಂತ ಹೆಚ್ಚಾಗಿ ಅಲ್ಲಿ ವಾಸವಿದ್ದದ್ದು ಮನೆಗೆ ಬೇಡವಾದರೂ ಎಸೆಯಲು ಮನಸ್ಸು ಬಾರದ ಸಾಮಾನುಗಳು. ಮೇಷ್ಟ್ರ ಅಪ್ಪ ಕಟ್ಟಿಸಿದ ಮನೆ ಅದು. ಗೋಡೆಯ ಹಸಿರು ಮಾತ್ರ ಮೇಷ್ಟ್ರ ಸ್ವಂತ ಸಾಧನೆ. ಶಾಲೆಯ ಬೆಂಚುಗಳಿಗೆ ಬಣ್ಣ ಹೊಡೆಸಿದ ವರ್ಷ ಡಬ್ಬದಲ್ಲಿ ಉಳಿದದ್ದನ್ನು ಮನೆಗೆ ತಂದು ತಾವೇ ಬಳಿದಿದ್ದರು. ಆ ವರ್ಷ ಹುಟ್ಟಿದ ಮಕ್ಕಳು ಈಗ ತಮ್ಮ ಮಕ್ಕಳನ್ನು ಅದೇ ಶಾಲೆಗೆ ಸೇರಿಸಲು ಬರುತ್ತಿದ್ದರು. ಆದರೂ ಮೇಷ್ಟ್ರ ಕಣ್ಣಿಗೆ ಅದು ಮೊನ್ನೆ ಮೊನ್ನೆ ಬಳಿದ ಬಣ್ಣ.

ಈ ಜಗಳಕ್ಕೆ ಕಾರಣ ಅಕ್ಕ, ಅಂದರೆ ಹೆಂಡತಿಯ ಒಡಹುಟ್ಟಿದ ಅಕ್ಕ. ಎರಡು ವರ್ಷದ ಹಿಂದೆ ಆಕೆ ದೊಡ್ಡ ಪೆಟ್ಟಿಗೆ ತುಂಬ ಬಟ್ಟೆ ಹೊತ್ತು ಬಂದು, ಈ ಕೋಣೆಯಲ್ಲಿ ಒಂದೇ ಒಂದು ರಾತ್ರಿ ಮಲಗಿ, ಬೆಳಿಗ್ಗೆ ಎದ್ದವಳೇ ಕೆಲಸ ಇದೆ ಅಂತ ಹೊರಟುಹೋಗಿದ್ದಳು. ಕೆಲಸದಿಂದ ನಿವೃತ್ತಳಾಗಿದ್ದವಳಿಗೆ ಅದೆಂಥ ಕೆಲಸ ಅಂತ ಯಾರಿಗೂ ಕೇಳುವ ಧೈರ್ಯ ಬರಲಿಲ್ಲ. ಈಗ ಎಷ್ಟೋ ಸಲ ಕರೆದ ಮೇಲೆ ಮತ್ತೆ ಬರಲು ಒಪ್ಪಿದ್ದಳು. ಒಂದು ದಿನ ಇದ್ದು ಹೋಗ್ತೀನಿ ಅಂತ ಫೋನಿನಲ್ಲಿ ಮೊದಲೇ ಹೇಳಿಬಿಟ್ಟಿದ್ದಳು. ಅದನ್ನು ಕೇಳಿದಾಗಿನಿಂದ ಹೆಂಡತಿಗೆ ಅನ್ನ ರುಚಿಸುತ್ತಿರಲಿಲ್ಲ. ತಪ್ಪು ಈ ಕೋಣೆಯದೇ ಎಂದು ಆಕೆ ತೀರ್ಮಾನಿಸಿಯಾಗಿತ್ತು. ಕೋಣೆಯೊಳಗಿನ ಯಾವ ವಸ್ತುವಿನದು ಅನ್ನುವುದಷ್ಟೇ ಇನ್ನೂ ತೀರ್ಮಾನವಾಗಬೇಕಿತ್ತು.

ಹೆಂಡತಿ: ಈ ನಕ್ಷೆ ಇದೆಯಲ್ಲ, ಮೊದಲು ಇದನ್ನ ಇಳಿಸಬೇಕು.

ನಕ್ಷೆ ಒಂದಿಡೀ ಗೋಡೆಯನ್ನು ನುಂಗಿತ್ತು. ಬಟ್ಟೆಗೆ ಅಂಟಿಸಿದ ಪ್ರಪಂಚದ ನಕ್ಷೆ. ಶಾಲೆಗೆ ಹೊಸದು ಬಂದಾಗ ಹಳೆಯದನ್ನು, ಭೂಗೋಳ ಪಾಠ ಮಾಡುತ್ತಿದ್ದ ಮೇಷ್ಟ್ರು ತಾವೇ ಕೇಳಿ ಪಡೆದು ತಂದಿದ್ದರು.

ಮೇಷ್ಟ್ರು: ಅದು ನಿನಗೇನು ಮಾಡಿತು?

ಹೆಂಡತಿ: ಅದರಲ್ಲಿರೋ ಎಷ್ಟೋ ದೇಶ ಈಗ ಇಲ್ಲವೇ ಇಲ್ಲ ಅಂತ ನೀವೇ ಹೇಳಿದ್ರಿ.

ಮೇಷ್ಟ್ರು: ದೇಶ ಹೋದ್ರೆ ಹೋಗ್ಲಿ. ಸಮುದ್ರಗಳೆಲ್ಲ ಇದ್ದ ಹಾಗೇ ಇವೆ.

ಹೆಂಡತಿ: ಅಕ್ಕ ಮಲಗೋಕೆ ಬರ್ತಾಳೆ, ಹಡಗು ಬಿಡೋಕಲ್ಲ.

ಮೇಷ್ಟ್ರು: ನಕ್ಷೆ ಸದ್ದು ಮಾಡಲ್ಲ ಕಣೇ. ನಿಮ್ಮ ಮನೆಯಿಂದ ಬಂದ ಮಂಚ ಇದೆ ನೋಡು, ಮಗ್ಗುಲು ಬದಲಿಸಿದ್ರೆ ಬೀದಿಯವರೆಲ್ಲ ಎದ್ದು ಕೂರ್ತಾರೆ. ಅತ್ತಿಗೆ ಓಡಿಹೋಗಿದ್ದು ಅದಕ್ಕೇ.

ಹೆಂಡತಿ: ಅಕ್ಕ ಹುಟ್ಟಿದ್ದೇ ಆ ಮಂಚದ ಮೇಲೆ.

ಮೇಷ್ಟ್ರು: ಆವತ್ತು ಕಿರುಚಿದ್ದು ಅವರೋ ಮಂಚವೋ ಯಾರು ಕಂಡಿದಾರೆ.

ಹೆಂಡತಿ ನಗಲಿಲ್ಲ. ತಮ್ಮ ಒಳ್ಳೆಯ ಮಾತುಗಳಿಗೆಲ್ಲ ಈ ಮನೆಯಲ್ಲಿ ಇದೇ ಗತಿ ಎಂದು ಮೇಷ್ಟ್ರು ಒಳಗೊಳಗೇ ಕೊರಗಿದರು. ಅಷ್ಟು ಹೊತ್ತಿಗೆ ಹೆಂಡತಿ ಹೇಳಿಕಳಿಸಿದ್ದ ಪೇಂಟರ್ ಬಂದ. ಬಾಗಿಲು ತಟ್ಟಲಿಲ್ಲ. ಗೇಟಿನ ಹತ್ತಿರ ನಿಂತಾಗಲೇ ವಿಷಯವೆಲ್ಲ ಗೊತ್ತಾಯ್ತು ಎಂದು ಹೇಳುತ್ತ ನೇರವಾಗಿ ಒಳಗೆ ಬಂದು, ಬಣ್ಣದ ಚೀಟಿಗಳ ಕಟ್ಟನ್ನು ಮಂಚದ ಮೇಲೆ ಹರಡಿದ. ಮಂಚ ಒಂದು ಸಲ ಕಿರ್ ಎಂದಿತು. ಮೇಷ್ಟ್ರು ಗೆದ್ದವರಂತೆ ಹೆಂಡತಿಯ ಕಡೆ ನೋಡಿದರು.

ಪೇಂಟರ್: ತಿಳಿ ಬಣ್ಣ ಅಂದ್ರೆ ಇಷ್ಟಿವೆ. ಕೆನೆ, ದಂತ, ಮುತ್ತು, ಬೆಣ್ಣೆ.

ಮೇಷ್ಟ್ರು: ಎಲ್ಲಾ ಬಿಳಿನೇ ಅಲ್ವೇನ್ರಿ. ವ್ಯತ್ಯಾಸ ಎಲ್ಲಿದೆ?

ಪೇಂಟರ್: ಡಬ್ಬದ ಮೇಲೆ.

ಹೆಂಡತಿ: ಕೆನೆ ಇರ್ಲಿ.

ಮೇಷ್ಟ್ರು: ಎರಡೇ ದಿನಕ್ಕೆ ಕೊಳೆ ಆಗುತ್ತೆ.

ಪೇಂಟರ್: ಎಲ್ಲರ ಮನೇಲೂ ಹಿಂಗೇ ಸಾರ್. ಗಂಡಸರು ಕೊಳೆ ಆಗುತ್ತೆ ಅಂತಾರೆ, ಹೆಂಗಸರು ಬೆಳಕಾಗುತ್ತೆ ಅಂತಾರೆ. ನಾನು ಹೆಂಗಸರ ಮಾತೇ ಕೇಳೋದು. ಮುಂದಿನ ಸಲ ಕರೆಯೋರು ಅವರೇ ತಾನೇ.

ಹೆಂಡತಿ ಖುಷಿಯಿಂದ ಕಾಫಿ ಮಾಡಲು ಅಡುಗೆಮನೆಗೆ ಹೋದಳು. ಮೇಷ್ಟ್ರಿಗೆ ಇದೇ ಸಮಯ ಅನ್ನಿಸಿತು. ಪೇಂಟರನ್ನು ಅಂಗಳಕ್ಕೆ ಕರೆದೊಯ್ದು, ಏಣಿಯ ಮರೆಯಲ್ಲಿ ನಿಲ್ಲಿಸಿ, ಕಿವಿಯ ಹತ್ತಿರ ಬಾಯಿ ತಂದರು.

ಮೇಷ್ಟ್ರು: (ಪಿಸುಮಾತಿನಲ್ಲಿ) ನಕ್ಷೆ ಇರೋ ಗೋಡೆ ಒಂದನ್ನ ಬಿಟ್ಟುಬಿಡಿ. ತೇವ ಇದೆ, ಬಣ್ಣ ಹಿಡಿಯಲ್ಲ ಅಂತ ನೀವೇ ಹೇಳಿದ ಹಾಗೆ ಹೇಳಿ. ನಾನು ಹೇಳಿಕೊಟ್ಟಿದ್ದು ಅಂತ ಅವಳಿಗೆ ಗೊತ್ತಾಗಬಾರದು.

ಹೆಂಡತಿ: (ಅಡುಗೆಮನೆಯಿಂದ) ಗೊತ್ತಾಯ್ತು.

ಮದುವೆಯಾದ ದಿನದಿಂದಲೂ ಮೇಷ್ಟ್ರು ಹೆಂಡತಿಯ ಕಿವಿಯ ಚುರುಕಿಗೆ ಬೆರಗಾಗುತ್ತಲೇ ಬಂದಿದ್ದರು. ತಾವು ಮೃದುವಾಗಿ ಮಾತಾಡುವ ಮನುಷ್ಯ ಎಂಬುದರಲ್ಲಿ ಅವರಿಗೆ ಯಾವ ಸಂಶಯವೂ ಇರಲಿಲ್ಲ. ಕೊನೆಯ ಬೆಂಚಿನವರೆಗೂ ಕೇಳಿಸುವಂತೆ ಪಾಠ ಮಾಡಿ ಮಾಡಿ ಗಂಟಲು ಪಳಗಿಹೋಗಿದ್ದ ಸಂಗತಿಯನ್ನು ಅವರಿಗೆ ಹೇಳುವವರು ಯಾರು? ಹೇಳಿದರೂ ಅವರು ಕೇಳಬೇಕಲ್ಲ. ಪೇಂಟರ್ ಕಿವಿ ಉಜ್ಜಿಕೊಳ್ಳುತ್ತ ಏಣಿಯನ್ನು ಹೊತ್ತುಕೊಂಡು ಒಳಗೆ ಹೋದ.

ಹೆಂಡತಿ ಕಾಫಿಯ ಲೋಟ ಹಿಡಿದು ಬಂದಳು. ಬೈಗುಳಕ್ಕೆ ಮೇಷ್ಟ್ರು ತಯಾರಾಗಿ ನಿಂತರು. ಆಕೆ ಬೈಯಲಿಲ್ಲ. ಲೋಟವನ್ನು ಕಟ್ಟೆಯ ಮೇಲಿಟ್ಟು ಪಕ್ಕದಲ್ಲಿ ಕೂತುಬಿಟ್ಟಳು.

ಹೆಂಡತಿ: ಅಮ್ಮ ಹೋದಾಗ ನನಗೆ ತಲೆ ಬಾಚಿಕೊಳ್ಳೋಕೂ ಬರ್ತಿರಲಿಲ್ಲ. ದಿನಾ ಬಾಚಿದವಳು ಅಕ್ಕ. ಮದುವೆಯಾದ ಮೇಲೂ ಅವಳ ಮನೆಗೆ ಹೋಗಿ ತಿಂಗಳುಗಟ್ಟಲೆ ಕೂತು ಉಂಡು ಬಂದಿದೀನಿ. ಅವಳು ನಮ್ಮನೆಗೆ ಬಂದು ಒಂದು ರಾತ್ರಿ ಮಲಗಿ ಎದ್ದುಹೋದಳಲ್ಲ, ನೆನೆಸಿಕೊಂಡ್ರೆ ಸಂಕಟ ಆಗುತ್ತೆ ರೀ. ಗೋಡೆಯಿಂದಲೋ, ಮಂಚದಿಂದಲೋ, ನಿಮ್ಮ ನಕ್ಷೆಯಿಂದಲೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಎಲ್ಲಾನೂ ಬದಲಾಯಿಸ್ತಿದೀನಿ.

ಮೇಷ್ಟ್ರು ಕಾಫಿ ಕುಡಿದರು. ಎದ್ದು ಒಳಗೆ ಹೋಗಿ, ಸ್ಟೂಲು ಹತ್ತಿ, ನಕ್ಷೆಯನ್ನು ತಾವೇ ಇಳಿಸಿ ಸುತ್ತಿದರು. ಅದರ ಹಿಂದಿನ ಗೋಡೆ ಬಳಿದ ದಿನದಷ್ಟೇ ಹಚ್ಚಹಸಿರಾಗಿತ್ತು. ನೋಡು, ಎಷ್ಟು ಚೆನ್ನಾಗಿತ್ತು ನೋಡು ಅಂತ ಒಂದು ಸಲ ಕೂಗಿ ಕರೆದರು. ಹೆಂಡತಿ ಬಂದು ನೋಡಿ, ಪೇಂಟರಿಗೆ ಕಣ್ಸನ್ನೆ ಮಾಡಿದಳು. ಅವನು ಆ ಗೋಡೆಯಿಂದಲೇ ಕೆಲಸ ಶುರು ಮಾಡಿದ.

ಮುಂದಿನ ದಿನಗಳಲ್ಲಿ ಕೋಣೆಯ ಸಾಮಾನೆಲ್ಲ ಮನೆತುಂಬ ಹರಡಿತು. ಮುಖವನ್ನು ಉದ್ದ ಮಾಡಿ ತೋರಿಸುವ ಕನ್ನಡಿಯ ಟೇಬಲ್ಲು ಗುಜರಿಗೆ ಹೋಯಿತು. ಆ ಟೇಬಲ್ಲು ತಮ್ಮ ಕಡೆಯದಾದ್ದರಿಂದ ಹೆಂಡತಿಯ ಕಡೆಯದೂ ಏನಾದರೊಂದು ಹೋಗಬೇಕೆಂದು ಮೇಷ್ಟ್ರು ಪಟ್ಟು ಹಿಡಿದರು. ಕೊನೆಗೆ ಮಂಚದ ಹಾಸಿಗೆ ಹೋಯಿತು, ಮಂಚ ಉಳಿಯಿತು. ಅದರ ಕೀಲುಗಳಿಗೆ ಮೇಷ್ಟ್ರೇ ಎಣ್ಣೆ ಬಿಟ್ಟು, ಮೇಲೆ ಹತ್ತಿ ಕೂತು, ಆಚೀಚೆ ಹೊರಳಿ ಪರೀಕ್ಷೆ ಮಾಡಿದರು. ಪರದೆ ತರಲು ಅವರನ್ನೇ ಅಂಗಡಿಗೆ ಕಳಿಸಿದ್ದು ಮಾತ್ರ ತಪ್ಪಾಯಿತು. ಹಸಿರು ತಂದರು. ಹೆಂಡತಿ ಚೀಲವನ್ನು ಅವರ ಕೈಗೇ ವಾಪಸು ಕೊಟ್ಟಳು. ಎರಡನೆಯ ಸಲ ಹೋದಾಗ ಅಂಗಡಿಯವನೇ ಕೆನೆಬಣ್ಣದ್ದನ್ನು ಕಟ್ಟಿಟ್ಟಿದ್ದ.

ಅಕ್ಕ ಬಂದಳು. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಿದ್ದಳು. ಈ ಸಲ ಪೆಟ್ಟಿಗೆ ಇರಲಿಲ್ಲ, ಹೆಗಲಿಗೆ ಒಂದು ಸಣ್ಣ ಬ್ಯಾಗು ಅಷ್ಟೇ. ಅದನ್ನು ಕಂಡೇ ಹೆಂಡತಿಯ ಮುಖ ಸಣ್ಣಗಾಯಿತು. ಕೋಣೆಯ ಬಾಗಿಲು ತೆರೆದು ತೋರಿಸಿದಳು. ಅಕ್ಕ ಗೋಡೆ ನೋಡಿದಳು, ಪರದೆ ನೋಡಿದಳು, ಚೆನ್ನಾಗಿದೆ ಅಂದಳು. ಮಧ್ಯಾಹ್ನ ಊಟವಾದ ಮೇಲೆ ಸ್ವಲ್ಪ ಹೊತ್ತು ಅಡ್ಡಾಗ್ತೀನಿ ಅಂತ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಗಂಡ ಹೆಂಡತಿ ಪಕ್ಕದ ತಮ್ಮ ಕೋಣೆಯಲ್ಲಿ ಕೂತು ವಿಚಾರಣೆಗೆ ತೊಡಗಿದರು.

ಮೇಷ್ಟ್ರು: (ಪಿಸುಮಾತಿನಲ್ಲಿ) ಚೆನ್ನಾಗಿದೆ ಅಂದ್ರಲ್ಲ, ಇನ್ನೇನು ಬೇಕು ನಿನಗೆ?

ಹೆಂಡತಿ: ಅವಳು ಬರೀ ಚೆನ್ನಾಗಿದೆ ಅಂದ್ರೆ ಹಿಡಿಸಿಲ್ಲ ಅಂತ. ಹಿಡಿಸಿದ್ರೆ ಕೂತು ಹತ್ತು ತಪ್ಪು ಹುಡುಕ್ತಾಳೆ.

ಮೇಷ್ಟ್ರು: ಹಾಗಾದ್ರೆ ಮಂಚವೇ. ಮೊದಲ ದಿನವೇ ಹೇಳಿದ್ದೆ.

ಅಕ್ಕ: (ಗೋಡೆಯ ಆಚೆಯಿಂದ) ಮಂಚಕ್ಕೇನೂ ಆಗಿಲ್ಲ ಮೇಷ್ಟ್ರೇ.

ಇಬ್ಬರೂ ತಲೆಯೆತ್ತಿ ಗೋಡೆ ನೋಡಿದರು. ಒಂದೇ ಕೋಣೆಯಾಗಿದ್ದುದನ್ನು ಮೇಷ್ಟ್ರ ಅಪ್ಪ ಎರಡು ಮಾಡಿದಾಗ ಎಬ್ಬಿಸಿದ ಗೋಡೆ ಅದು. ಗಾಳಿ ಆಡಲಿ ಅಂತ ಸೂರಿಗೆ ತಾಗಿಸದೆ ಮೇಲೆ ಒಂದು ಮೊಳ ಬಿಟ್ಟಿದ್ದರು. ಹುಟ್ಟಿದಾಗಿನಿಂದ ಕಂಡ ಗೋಡೆ. ಅದರ ಆಚೆ ಮಲಗಿದವರಿಗೆ ಈಚೆಯ ಮಾತು ಕೇಳಿಸುತ್ತದೆ ಎಂಬುದು ಮಾತ್ರ ಮೇಷ್ಟ್ರಿಗೆ ಎಂದೂ ಹೊಳೆದಿರಲಿಲ್ಲ.

ಮೇಷ್ಟ್ರು: (ಇನ್ನೂ ಸಣ್ಣ ದನಿಯಲ್ಲಿ) ಅವರಿಗೆ ಕೇಳಿಸ್ತಾ?

ಅಕ್ಕ: ಇದೂ ಕೇಳಿಸ್ತು. ಹೋದ ಸಲವೂ ಕೇಳಿಸಿತ್ತು.

ಹೆಂಡತಿ: ಹೋದ ಸಲ ಏನು ಕೇಳಿಸಿತ್ತಕ್ಕ?

ಅಕ್ಕ: ದೀಪ ಆರಿಸಿದ ಮೇಲೆ ಇವರು ನಿನ್ನ ಕೇಳಿದ್ರು, ನಿಮ್ಮಕ್ಕ ಎಷ್ಟು ದಿನ ಇರ್ತಾರೆ ಅಂತ.

ಹೆಂಡತಿ ಗಂಡನ ಕಡೆ ತಿರುಗಿದಳು. ಮೇಷ್ಟ್ರಿಗೆ ತಾವು ಕೂತಿದ್ದ ಮಂಚದ ಕೆಳಗೆ ಜಾಗ ಇದೆಯೇ ಎಂದು ನೋಡುವಂತಾಯಿತು. ಕೇಳಿದ್ದು ನಿಜ. ಸುಳ್ಳು ಹೇಳಿ ತಪ್ಪಿಸಿಕೊಳ್ಳೋಣವೆಂದರೆ ಸಾಕ್ಷಿ ಪಕ್ಕದಲ್ಲೇ ಮಲಗಿತ್ತು.

ಮೇಷ್ಟ್ರು: ಅತ್ತಿಗೆ, ಕೇಳಿದ್ದು ಹೌದು. ನೀವು ಬೇಗ ಹೋಗಬೇಕು ಅಂತಲ್ಲ. ಆವತ್ತು ಬೆಳಗಿನಿಂದ ರಾತ್ರಿ ತನಕ ಇವಳು ನನಗೆ ಒಂದು ಮಾತು ಬೈದಿರಲಿಲ್ಲ. ನೀವಿದ್ರಲ್ಲ, ಅದಕ್ಕೆ. ಇಂಥ ಸುಖ ಇನ್ನೂ ಎಷ್ಟು ದಿನ ಸಿಗುತ್ತೆ ಅಂತ ಆಸೆಯಿಂದ ಕೇಳಿದೆ.

ಅಕ್ಕ: ನೀವು ಕೇಳಿದ್ದಕ್ಕೆ ನನಗೆ ಬೇಜಾರಾಗಲಿಲ್ಲ. ಮನೆ ನಿಮ್ಮದು, ಕೇಳ್ತೀರಿ. ಇವಳು ಏನಂತಾಳೆ ಅಂತ ಕಾದೆ. ಇರ್ಲಿ ಬಿಡಿ ಅಂತಾಳೋ, ನಿಮಗ್ಯಾಕೆ ಅಂತಾಳೋ ಅಂತ. ಒಂದು ಮಾತೂ ಆಡಲಿಲ್ಲ. ಸುಮ್ಮನೆ ಇದ್ದುಬಿಟ್ಟಳು.

ಹೆಂಡತಿ ಎದ್ದು ಗೋಡೆಗೆ ಅಂಗೈ ಊರಿ ನಿಂತಳು.

ಹೆಂಡತಿ: ನನಗೆ ನಿದ್ದೆ ಬಂದುಬಿಟ್ಟಿತ್ತಕ್ಕ. ನೀನು ಬಂದೆ ಅಂತ ದಿನವಿಡೀ ಓಡಾಡಿ, ತಲೆ ಇಟ್ಟಿದ್ದೊಂದೇ ಗೊತ್ತು. ಇವರು ಕೇಳಿದ್ದೇ ನನಗೆ ಗೊತ್ತಿಲ್ಲ.

ಮೇಷ್ಟ್ರು: ನಿಜ ಅತ್ತಿಗೆ. ಉತ್ತರ ನನಗೂ ಸಿಗಲಿಲ್ಲ.

ಆಚೆ ಕಡೆ ಅಕ್ಕ ಗೋಡೆಯತ್ತ ಹೊರಳಿದ ಸದ್ದಾಯಿತು.

ಅಕ್ಕ: ಎರಡು ವರ್ಷ ನಾನು ನಿನ್ನ ಮೇಲೆ ಮುನಿಸಿಕೊಂಡಿದ್ದು ನಿನ್ನ ನಿದ್ದೆಗಾ?

ಹೆಂಡತಿ: ಹೂಂ.

ಅಕ್ಕ: ಈಗ ಎದ್ದಿದಾಳಲ್ಲ ಮೇಷ್ಟ್ರೇ, ಈಗ ಕೇಳಿ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ತರಗತಿಯಲ್ಲಿ ಪ್ರಶ್ನೆ ಕೇಳುವಂತೆ ನೆಟ್ಟಗೆ ನಿಂತರು. ಬೀದಿಯ ಕೊನೆಯವರೆಗೂ ತಲುಪುವಂತೆ, ನಿಮ್ಮಕ್ಕ ಎಷ್ಟು ದಿನ ಇರ್ತಾರೆ ಎಂದು ಕೇಳಿದರು.

ಹೆಂಡತಿ: ಅವಳಿಗೆ ಮನಸ್ಸಿರೋ ತನಕ ಇರ್ತಾಳೆ. ಅವಳಿದ್ದಷ್ಟು ದಿನ ನನಗೆ ತವರಲ್ಲಿದ್ದ ಹಾಗೆ. ಇನ್ನೊಂದು ಸಲ ಆ ಮಾತು ಕೇಳಿದ್ರೆ ಇಲ್ಲಿಂದ ಹೊರಡೋರು ನೀವು.

ಇಷ್ಟು ಗಟ್ಟಿಯಾಗಿ ಆಕೆ ಎಂದೂ ಮಾತಾಡಿರಲಿಲ್ಲ. ಬೈಸಿಕೊಂಡ ಮೇಷ್ಟ್ರಿಗೇ ಹೆಮ್ಮೆಯಾಯಿತು. ಇಬ್ಬರೂ ಗೋಡೆಯ ಕಡೆ ನೋಡುತ್ತ ಕಾದರು. ಆಚೆಯಿಂದ ಉತ್ತರ ಬರಲಿಲ್ಲ. ಹೆಂಡತಿ ಕೆಮ್ಮಿದಳು. ಆಗಲೂ ಬರಲಿಲ್ಲ. ಅವಳ ಕಣ್ಣು ತುಂಬಿತು. ಇನ್ನೂ ಕೋಪ ಹೋಗಿಲ್ಲ ನೋಡಿ ಅಂತ ಸನ್ನೆಯಲ್ಲೇ ಗಂಡನಿಗೆ ಹೇಳಿ, ಅಕ್ಕನ ಕೋಣೆಯ ಬಾಗಿಲ ಹತ್ತಿರ ಹೋಗಿ ಮೆಲ್ಲನೆ ತಳ್ಳಿದಳು.

ಅಕ್ಕ ಗೋಡೆಯ ಕಡೆ ಮುಖ ಮಾಡಿ, ಬಾಯಿ ಚೂರು ತೆರೆದುಕೊಂಡು, ಗಾಢ ನಿದ್ದೆಯಲ್ಲಿದ್ದಳು. ಉತ್ತರ ಕೇಳಿ ಮಲಗಿದಳೋ, ಕೇಳುವ ಮುಂಚೆಯೇ ಕಣ್ಣು ಮುಚ್ಚಿತೋ ತಿಳಿಯುವ ಹಾಗಿರಲಿಲ್ಲ. ಹೆಂಡತಿ ಹೊದಿಕೆ ಎಳೆದು ಸರಿಮಾಡಿದಳು. ಹಿಂದೆಯೇ ಬಂದ ಮೇಷ್ಟ್ರ ಕಣ್ಣು ಮಾತ್ರ ಗೂಟಕ್ಕೆ ನೇತುಹಾಕಿದ್ದ ಬಟ್ಟೆಗಳ ಮೇಲಿತ್ತು. ಹೆಂಡತಿಯ ಕಿವಿಯ ಹತ್ತಿರ ಬಗ್ಗಿ, ತಮ್ಮ ಜೀವಮಾನದಲ್ಲೇ ಅತ್ಯಂತ ಮೆಲ್ಲಗಿನ ದನಿ ತೆಗೆದರು.

ಮೇಷ್ಟ್ರು: ತಂದಿರೋದು ಎರಡೇ ಜೊತೆ ಬಟ್ಟೆ ಕಣೇ. ನಾಳೆ ಹೊರಟುಬಿಡ್ತಾರೋ ಏನೋ.

ಅಕ್ಕ: (ಕಣ್ಣು ತೆರೆಯದೆ) ಒಗೆದು ಒಗೆದು ಹಾಕ್ಕೋತೀನಿ ಮೇಷ್ಟ್ರೇ.