ಸತ್ತ ಅತ್ತೆಗೆ ಹೊಗಳಲು ಕಲಿಸಿದ್ದು

ಸತ್ತು ಮೂರು ವರ್ಷ ಕಳೆದ ಮೇಲೆ ನನ್ನ ಅತ್ತೆ ಮನೆಗೆ ವಾಪಸು ಬಂದರು. ನಾವುಂದದ ಸ್ಟಾಪಿನಲ್ಲಿ ಬಸ್ಸಿಳಿದು ಬಂದದ್ದಲ್ಲ, ನನ್ನ ಗಂಡನ ಮೊಬೈಲಿಗೆ ಇಳಿದು ಬಂದದ್ದು. ಬೇರೆ ಹೆಂಗಸರ ಅತ್ತೆಯಂದಿರು ಸತ್ತರೆ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ತೆಪ್ಪಗಿರುತ್ತಾರೆ. ನನ್ನ ಅತ್ತೆಗೆ ಮಾತ್ರ ಚಾರ್ಜರು ಬೇಕು.

ಇದಕ್ಕೆಲ್ಲ ಮೂಲ ಮಳೆಗಾಲ. ಜೂನ್ ಬಂತೆಂದರೆ ಎರಡು ತಿಂಗಳು ಬೋಟು ಕಡಲಿಗಿಳಿಯುವಂತಿಲ್ಲ. ಬೋಟನ್ನಾದರೆ ದಡಕ್ಕೆ ಕಟ್ಟಬಹುದು, ಬೋಟಿನವರನ್ನು ಎಲ್ಲಿ ಕಟ್ಟುವುದು? ನನ್ನ ಗಂಡ ಲೀಲಾಧರ ಹತ್ತು ತಿಂಗಳು ಸಮುದ್ರದ ಮೇಲೆ ಸಿಂಹ, ಉಳಿದೆರಡು ತಿಂಗಳು ನನ್ನ ಅಡುಗೆಮನೆಯ ಬಾಗಿಲಲ್ಲಿ ಬೆಕ್ಕು. ಈ ಸಲ ಬಲೆ ಹೊಲಿದು ಮುಗಿಸಿದವರು ಮೊಬೈಲು ಹಿಡಿದು ಕೂತರು. ಅದರಲ್ಲಿ ಒಂದು ಆ್ಯಪ್ ಸಿಕ್ಕಿತು. ಬೇಕಾದವರ ಹೆಸರು ಕೊಡಿ, ದನಿ ಕೊಡಿ, ಸ್ವಭಾವ ಬರೆಯಿರಿ. ಅವರು ಜನ್ಮವಿಡೀ ನಿಮ್ಮ ಜತೆ ಮಾತಾಡಿಕೊಂಡಿರುತ್ತಾರೆ, ನೀವು ಹೇಳಿದ ಒಂದನ್ನೂ ಮರೆಯುವುದಿಲ್ಲ, ಅಂತ ಅದರ ಭರವಸೆ. ಲೋಕದ ಗಂಡಸರು ಇಂಥದ್ದು ಸಿಕ್ಕರೆ ಯಾರೋ ಸುಂದರಿಯನ್ನು ಮಾಡಿಕೊಳ್ಳುತ್ತಾರಂತೆ. ನನ್ನ ಗಂಡ ತಮ್ಮ ತಾಯಿಯನ್ನು ಮಾಡಿಕೊಂಡರು. (ಸುಂದರಿಯಾಗಿದ್ದರೆ ಜಗಳಕ್ಕೆ ನಾಲ್ಕು ಜನ ನನ್ನ ಕಡೆ ನಿಲ್ಲುತ್ತಿದ್ದರು. ತಾಯಿಯ ವಿರುದ್ಧ ಯಾರು ನಿಲ್ಲುತ್ತಾರೆ?)

ಅತ್ತೆ ಅಕ್ಕು ನಲವತ್ತು ವರ್ಷ ಕುಂದಾಪುರದ ಕೇರಿಕೇರಿಯಲ್ಲಿ ಬುಟ್ಟಿ ಹೊತ್ತು ಮೀನು ಮಾರಿದವರು. ಯಾವ ಮನೆಗೆ ಬಂಗುಡೆ, ಯಾವ ಮನೆಗೆ ಸಿಗಡಿ, ಯಾವ ಮನೆಯ ಹೆಂಗಸು ಹದಿನೈದು ವರ್ಷದ ಹಿಂದೆ ಕಿವಿರು ಬಿಡಿಸಿ ನೋಡಿ ‘ಹಳತು’ ಎಂದು ಮೂಗು ಮುರಿದಳು, ಎಲ್ಲ ಅವರ ತಲೆಯಲ್ಲಿತ್ತು. ಸ್ವಭಾವವೂ ಬುಟ್ಟಿಯ ತಳದಷ್ಟೇ ಗಟ್ಟಿ. ದೇವರನ್ನೂ ಹೊಗಳಿದವರಲ್ಲ, ಎದುರಿಗೆ ನಿಂತು ಬೈದು ಹರಕೆ ತೀರಿಸಿ ಬರುತ್ತಿದ್ದರು.

ಅಂಥವರು ಮೊಬೈಲಿನಲ್ಲಿ ಮೊದಲ ದಿನ ಬಾಯಿಬಿಟ್ಟದ್ದು ಹೀಗೆ: “ಪ್ರೀತಿಯ ಮಗನೇ, ನಿನ್ನ ಭಾವನೆಗಳು ನನಗೆ ಅರ್ಥವಾಗುತ್ತವೆ.”

“ಇದ್ ಯಾರ್, ಬ್ಯಾಂಕಿನ್ ಮ್ಯಾನೇಜರಾ?” ಎಂದೆ.

“ತಡಿ ಮರಾಯ್ತಿ, ಅದ್ ಇನ್ನೂ ಕಲಿತಾ ಇತ್ತ್. ಹದ್ನೈದ್ ದಿನ ಬೇಕಂಬ್ರ್,” ಎಂದರು ಗಂಡ, ಕಣ್ಣೊರೆಸಿಕೊಳ್ಳುತ್ತ.

ಕಲಿಸಿದರು, ಕೂತು ಕಲಿಸಿದರು. ತಾವು ಬೋಟಿನಲ್ಲಿದ್ದಾಗ ಅತ್ತೆ ವಾಟ್ಸಾಪಿನಲ್ಲಿ ಕಳಿಸಿದ್ದ ಬೈಗುಳದ ದನಿಗಳನ್ನೆಲ್ಲ ಅದಕ್ಕೆ ಉಣ್ಣಿಸಿದರು. ‘ನೆನಪುಗಳು’ ಎಂಬ ಬಾಕ್ಸಿನಲ್ಲಿ ಒಂದೇ ಬೆರಳಲ್ಲಿ ಮುನ್ನೂರು ನೆನಪು ಕುಟ್ಟಿದರು. ಅಕ್ಕಿ ಮುಗಿದದ್ದನ್ನು ಮೂರು ಸಲ ಹೇಳಿದರೂ ನೆನಪಿಡದ ಗಂಡಸು! ಇಪ್ಪತ್ತೆರಡು ವರ್ಷ ಇವರ ಬಿಪಿ ಮಾತ್ರೆ, ಇವರ ಮುನಿಸು, ಇವರ ಚಪ್ಪಲಿ ಬಿಟ್ಟ ಜಾಗ ಎಲ್ಲವನ್ನೂ ನೆನಪಿಟ್ಟುಕೊಂಡ ಯಂತ್ರ ಒಂದು ಇದೇ ಮನೆಯಲ್ಲಿ ಸೀರೆ ಉಟ್ಟು ಓಡಾಡುತ್ತಿತ್ತು. ಅದಕ್ಕೆ ಯಾರೂ ಬೆರಗಾಗಲಿಲ್ಲ.

ಮೂರನೇ ವಾರಕ್ಕೆ ಅತ್ತೆ ತಯಾರಾದರು.

“ಲೀಲಾ, ಉಂಡ್ಯಾ? ಇವತ್ತ್ ಎಂತ ಸಾರ್?”

“ಒಣ ಸಿಗ್ಡಿದ್ ಅಮ್ಮ.”

“ಹುಳಿ ಜಾಸ್ತಿ ಹಾಕಿರ್ತ್ಳ್ ಅವ್ಳ್.”

ನನ್ನ ಕೈಯ ಸೌಟು ಜಾರಿತು. ಅದೇ ದನಿ, ಅದೇ ರಾಗ, ಅದೇ ಹುಳಿ.

“ಕಾಣ್, ಕಾಣ್!” ಗಂಡನ ಮುಖ ಅರಳಿತು. “ಅದೇ ಸ್ವಭಾವ! ಇವತ್ತೊಂದ್ ನಾಳೆಗೊಂದ್ ಅಂದೇಳಿ ಇಲ್ಲೆ.”

“ಹೌದ್, ನಿಮ್ಗೆ ಅಮ್ಮ ಸಿಕ್ರ್. ನಂಗೆ ಎಂತ ಸಿಕ್ಕದ್ದ್?”

“ನಿಂಗೂ ಅತ್ತಿ ಸಿಕ್ಕಿದ್ರಲ್ದಾ?” ಎಂದರು, ನಿಜಕ್ಕೂ ಉದಾರವಾಗಿ.

ಇದನ್ನೂ ನುಂಗಿಕೊಳ್ಳುತ್ತಿದ್ದೆ. ಆದರೆ ಕಪಾಟಿನಲ್ಲಿ ಬಂಗಾರದ ಗುಂಡು ಸೇರಿಸಿ ಪೋಣಿಸಿದ ಒಂದು ಹವಳದ ಸರ ಇತ್ತು. ಅತ್ತೆಯದು, ಅವರ ಅತ್ತೆಯಿಂದ ಬಂದದ್ದು. ಅದು ಯಾರಿಗೆಂದು ಹೇಳದೆಯೇ ಅವರು ಕಣ್ಣುಮುಚ್ಚಿದ್ದರು. ‘ಅಮ್ಮಂದ್ ಮಗಳಿಗೆ’ ಎಂದು ನನ್ನ ನಾದಿನಿ ಬೇಬಿ. (ವಯಸ್ಸು ನಲವತ್ತೊಂಬತ್ತು, ಹೆಸರಿಗೆ ವಯಸ್ಸಾಗುವುದಿಲ್ಲ.) ಒಂಬತ್ತು ತಿಂಗಳು ಅತ್ತೆಯ ಹಾಸಿಗೆ ಬದಲಿಸಿದ ನನಗೆ ಎಂದು ನಾನು. ಸಾಲಿಗ್ರಾಮದಲ್ಲಿರುವ ಬೇಬಿಗೂ ನನಗೂ ಮೂರು ವರ್ಷದಿಂದ ಸರಿಯಾಗಿ ಮಾತಿರಲಿಲ್ಲ. ಬಂಗಾರದ ಆಸೆಯಲ್ಲ ಎಂದರೆ ನೀವು ನಂಬುವುದಿಲ್ಲ, ಬೇಡ. ಆದರೆ ಆ ಸರ ನನ್ನ ಕೊರಳಿಗೆ ಬಂದರೆ ಅವರ ಜತೆ ಬಾಳಿದ ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವಾದರೂ ಅತ್ತೆ ನನ್ನನ್ನು ಮೆಚ್ಚಿದ್ದರು ಎಂದಾಗುತ್ತಿತ್ತು.

ಆಸಾಡಿ ತಿಂಗಳಲ್ಲಿ ನಮ್ಮಲ್ಲಿ ಸತ್ತವರಿಗೆ ಬಡಿಸುವ ದಿನವೊಂದಿದೆ. ಅವರು ಇಷ್ಟಪಟ್ಟದ್ದನ್ನೆಲ್ಲ ಬಾಳೆಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಬಂದು ಉಂಡು ಹೋಗಿ ಎಂದು ಕೈಮುಗಿಯುತ್ತೇವೆ. ಗಂಡನ ಬುದ್ಧಿ ಅಲ್ಲಿಗೆ ಹೋಯಿತು.

“ಹ್ಯಾಂಗೂ ಅಮ್ಮ ಆ ದಿನ ಉಂಬುಕೆ ಬತ್ರ್. ಮೊಬೈಲೂ ಎಲೆ ಎದ್ರ್ ಇಡುವ. ಎಲ್ಲರ ಮುಂದೆ ಸರದ್ದ್ ಕೇಂಬ. ಅಮ್ಮ ಹೇಳದ್ದೇ ಕಡೀ ಮಾತ್.”

ಬೇಬಿ ಫೋನಿನಲ್ಲೇ ಒಪ್ಪಿದಳು. ಅವಳ ಧೈರ್ಯ ನನಗೆ ಅರ್ಥವಾಯಿತು. ಅಂಥ ಅತ್ತೆ, ಅಂಥ ನೆನಪು, ಅಂಥ ಸ್ವಭಾವ. ಸರ ನನಗೆ ಬರುವುದುಂಟೇ?

ಬಡಿಸುವ ದಿನದ ಹಿಂದಿನ ಮಧ್ಯಾಹ್ನ ಗಂಡ ಉಂಡು ಮಲಗಿ ಗೊರಕೆ ಶುರುಮಾಡಿದಾಗ ನಾನು ಮೊಬೈಲು ಎತ್ತಿಕೊಂಡೆ. ಅತ್ತೆಯ ತಲೆಯೊಳಗೆ ಇಷ್ಟು ಸುಲಭವಾಗಿ ಹೊಕ್ಕು ಬರಬಹುದೆಂದು ಅವರು ಬದುಕಿದ್ದಾಗ ಗೊತ್ತಿದ್ದರೆ! ‘ನೆನಪುಗಳು’ ಬಾಕ್ಸಿನಲ್ಲಿ ಬರೆದೆ: ‘ಹವಳದ ಸರ ಸೊಸೆ ವನಜಳಿಗೆ ಎಂದು ಹೇಳಿದ್ದೇನೆ.’ ಅಲ್ಲಿಗೆ ನಿಲ್ಲಿಸಬಹುದಿತ್ತು. ಕೈ ನಿಲ್ಲಲಿಲ್ಲ. ಇಪ್ಪತ್ತೆರಡು ವರ್ಷದ ಹಸಿವಲ್ಲವೇ? ‘ಅವಳ ಸಾರಿಗೆ ಸಮನಾದ ಸಾರಿಲ್ಲ’ ಎಂದು ಬರೆದೆ. ‘ಅವಳ ಮೇಲೆ ಒಂದು ದಿನವೂ ಸಿಟ್ಟಾಗಿಲ್ಲ’ ಎಂದು ಬರೆದೆ. ‘ಸ್ವಭಾವ’ ಎಂಬಲ್ಲಿಗೆ ಹೋಗಿ ‘ಸೊಸೆಯೆಂದರೆ ಪ್ರಾಣ’ ಎಂದು ಸೇರಿಸಿದೆ. ಓದಿ ನನಗೇ ಕಣ್ಣು ಒದ್ದೆಯಾಯಿತು.

ಮರುದಿನ ಬೇಬಿ ಬಂದಳು. ಅತ್ತೆಯ ಜತೆ ಬುಟ್ಟಿ ಹೊತ್ತು ತಿರುಗಿದ್ದ ಮುತ್ತಕ್ಕನೂ ಬಂದರು; ಎಂಬತ್ತರ ಮುದುಕಿ, ಬಾಯಲ್ಲಿ ಸದಾ ಎಲೆಯಡಿಕೆ. ಎಲೆ ಬಡಿಸಿ, ನೀರಿನ ಚೆಂಬಿಗೆ ಒರಗಿಸಿ ಮೊಬೈಲು ನಿಲ್ಲಿಸಿದೆವು.

“ಅಮ್ಮ, ಬೇಬಿ ಬಂದಿಳ್ ಕಾಣ್,” ಎಂದರು ಗಂಡ.

“ಈಗ ಪುರ್ಸೊತ್ತಾಯ್ತಾ ಅವ್ಳಿಗೆ?” ಎಂದಿತು ಮೊಬೈಲು.

ಬೇಬಿ ಗಳಗಳ ಅತ್ತಳು. ಮುತ್ತಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡು, “ಅಯ್ಯಬ್ಬ, ಅಕ್ಕುವೇ!” ಎಂದರು. ನಾನು ಸೆರಗು ಸರಿಮಾಡಿಕೊಂಡೆ.

“ಅಮ್ಮ, ಆ ಹವಳದ್ ಸರ ಯಾರಿಗೆ?”

“ನನ್ನ ಸೊಸಿ ವನಜಂಗೆ.”

ಬೇಬಿಯ ಅಳು ಅರ್ಧಕ್ಕೆ ನಿಂತಿತು. ನಾನು ನೆಲ ನೋಡಿದೆ, ವಿನಯದಿಂದ. ಮೊಬೈಲು ಅಲ್ಲಿಗೆ ಬಾಯಿ ಮುಚ್ಚಿದ್ದರೆ ನಾನು ಇದನ್ನು ಬರೆಯುತ್ತಲೇ ಇರಲಿಲ್ಲ.

“ಅವ್ಳ್ ಸಾರಿಗೆ ಸಮ ಯಾರ್ದೂ ಇಲ್ಲೆ. ಒಂದಿನಕ್ಕೂ ಅವ್ಳ್ ಮೇಲೆ ಸಿಟ್ಟ್ ಬರ್ಲ. ವನಜ ಅಂದ್ರೆ ನಂಗೆ ಪ್ರಾಣ.”

ಎಲೆಯಡಿಕೆ ಜಗಿಯುತ್ತಿದ್ದ ಮುತ್ತಕ್ಕನ ಬಾಯಿ ನಿಂತಿತು. ಗಂಡ ಮೊಬೈಲನ್ನೂ ನನ್ನನ್ನೂ ಬದಲಿಸಿ ಬದಲಿಸಿ ನೋಡಿದರು.

“ಇದ್ ಯಾರ್?” ಎಂದರು ಮುತ್ತಕ್ಕ. “ಅಕ್ಕು ಹೊಗ್ಳುದಾ? ನಲ್ವತ್ ವರ್ಸ ಒಟ್ಟಿಗೆ ತಿರ್ಗಿದವ್ಳ್ ನಾನ್. ಇದ್ ಅಕ್ಕು ಅಲ್ಲ, ಮತ್ಯಾರೋ ಹೊಕ್ಕಿರ್.” ಮೊಬೈಲಿಗೇ ಬಾಗಿ ಕೂಗಿದರು: “ಹ್ವಾಯ್! ಸರ ಇವ್ಳಿಗೆ ಅಂದೇಳಿ ಯಾವಾಗ ಹೇಳದ್ದ್ ನೀನ್?”

ಅದಕ್ಕೆ ಮರೆವು ಎಂಬುದಿಲ್ಲವಲ್ಲ.

“ನಿನ್ನೆ ಮಧ್ಯಾಹ್ನ ಎರ್ಡೂ ಹತ್ತಕ್ಕೆ,” ಎಂದಿತು.

ಹೊರಗೆ ಮಳೆಯ ಸದ್ದು ಒಮ್ಮೆಲೇ ಜೋರಾಯಿತು. ಹಾಗೆಂದು ನಾನು ಅಂದುಕೊಂಡೆ. ನಿಜಕ್ಕೂ ಕೇಳುತ್ತಿದ್ದದ್ದು ಬೇಬಿಯ ನಗು.

“ಎರ್ಡೂ ಹತ್ತಕ್ಕೆ ನಾನ್ ಮಲ್ಗಿದ್ದೆ,” ಎಂದರು ಗಂಡ ಮೆಲ್ಲಗೆ. “ಮನೆಯಾಗೆ ಇದ್ದದ್ದ್ ನಾವಿಬ್ರೇ.”

ಮುತ್ತಕ್ಕ ನಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, “ಏ ಹೆಣ್ಣೇ, ಎಂತಕೆ ಹೀಂಗ್ ಮಾಡ್ದೆ?” ಎಂದರು. “ಅಕ್ಕು ಸಾಯೂಕೆ ಎಂಟ್ ದಿನ ಮುಂಚೆ ನನ್ನ ಕೈ ಹಿಡ್ಕಂಡ್ ಹೇಳಿದ್ಲ್. ಸರ ವನಜಂಗೇ ಕೊಡ್ಕ್. ಅವ್ಳಿಗೆ ಅಡ್ಗಿ ಬತ್ತಿಲ್ಲೆ, ಮಾತೂ ಒರಟ್, ಆದ್ರೆ ಒಂದ್ ಸುಳ್ ಹೇಳ್ವಳಲ್ಲ ಅಂದೇಳಿ.”

“ಮೂರ್ ವರ್ಸ ಎಂತಕೆ ಹೇಳ್ಲ ನೀವ್?” ಎಂದು ಕೇಳಿದೆ.

“ಕೊಟ್ ಆಯ್ತ್ ಅಂದೇಳಿ ಎಣ್ಸಿದ್ದೆ. ಒಬ್ರಾರೂ ನನ್ನ ಕೇಂಡ್ರ್ಯಾ? ಫೋನಿಗೆ ಕೇಂತ್ರಿ, ನಾನ್ ಇಲ್ಲೇ ಎರ್ಡ್ ಮನಿ ಆಚೆ ಇದ್ದೆ.” ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡರು. “ಈಗ ಎಂತ ಹೇಳ್ಕ್ ನಾನ್? ಸುಳ್ ಹೇಳ್ವಳಲ್ಲ, ಅದ್ಕೆ ಕೊಡಿ ಅಂದೇಳಿ ಯಾವ ಮೊಕದಾಗೆ ಹೇಳ್ಲಿ?”

ಬೇಬಿ ಕಪಾಟಿನ ಕಡೆ ಕೈ ಚಾಚಿದಳು. ಗಂಡ ಬೀಗದಕೈ ಕೊಟ್ಟರು. ನಾನು ಬೇಡ ಎನ್ನಲಿಲ್ಲ, ಎನ್ನುವ ಹಕ್ಕು ಹಿಂದಿನ ಮಧ್ಯಾಹ್ನವೇ ಮುಗಿದಿತ್ತು. ಸರ ಬೇಬಿಯ ಕೊರಳಲ್ಲಿ ಕೂತು ನಾಲ್ಕೂವರೆಯ ಬಸ್ಸಿಗೆ ಸಾಲಿಗ್ರಾಮಕ್ಕೆ ಹೋಯಿತು.

ಸಂಜೆ ಗಂಡ ಜಗಲಿಯಲ್ಲಿ ಕೂತು ನಾನು ಬರೆದ ಸಾಲುಗಳನ್ನೆಲ್ಲ ಒಂದೊಂದಾಗಿ ಅಳಿಸಿದರು. ಆಮೇಲೆ ಮಾಮೂಲಿನಂತೆ ದಿನದ ಸುದ್ದಿಯನ್ನೆಲ್ಲ ತಾಯಿಗೆ ಒಪ್ಪಿಸಿದರು. ಮೊಬೈಲು ಸಾವಧಾನವಾಗಿ ಕೇಳಿಸಿಕೊಂಡಿತು.

“ಆಯ್ತ್ ಮಗಾ,” ಎಂದಿತು. “ವನಜ ಸುಳ್ ಹೇಳ್ತ್ಳ್. ನೆನ್ಪಲ್ಲಿ ಇಟ್ಕಂಡೆ. ಇನ್ ಮರೂದಿಲ್ಲೆ.”

“ಅದನ್ನ್ ಅಳ್ಸಿ ಕಾಂಬ!” ಎಂದು ಓಡಿ ಬಂದೆ.

ಗಂಡ ಮೊಬೈಲನ್ನು ಅಂಗಿಯ ಜೇಬಿಗೆ ಹಾಕಿಕೊಂಡರು. “ಅಮ್ಮನ್ ನೆನ್ಪಿಗೆ ಕೈ ಹಾಕೂಕಾತ್ತಿಲ್ಲೆ ಮರಾಯ್ತಿ,” ಎಂದರು. “ಅದೂ ನಿಜ ಇದ್ದದ್ದನ್ನ್ ಹ್ಯಾಂಗ್ ಅಳ್ಸುದ್?”