ಆರು ಮನೆಗೆ ಒಂದೇ ಮೀಟರು

ಆರು ಮನೆಗೆ ಒಂದೇ ಮೀಟರಿದ್ದರೆ ನಗುವಿಗೆ ಬರವಿಲ್ಲ, ದಿನಕ್ಕೊಂದು ಏನಾದರೂ ನಡೆಯುತ್ತಲೇ ಇರುತ್ತದೆ. ಈಗಲೂ ಸಂಜೆ ಕರೆಂಟು ಹೋದಾಗ ಎಲ್ಲಿಂದಲೋ ಮಲ್ಲಿಗೆಯ ವಾಸನೆ ಬಂದಂತಾಗಿ, ತೊಂಬತ್ತರ ದಶಕದ ಚಾಮರಾಜಪೇಟೆಯ ನಮ್ಮ ವಠಾರ ಕಣ್ಣ ಮುಂದೆ ತೇಲಿ ಬರುತ್ತದೆ. ಆಗ ನಾನು ಹೊಸ ಮದುವಣಗಿತ್ತಿ.

ಚಕ್ರ

ವಠಾರದ ಬಾಗಿಲಲ್ಲೇ ಮೀಟರು, ಅದರ ಕೆಳಗೆ ಕುರ್ಚಿ ಹಾಕಿಕೊಂಡು ಓನರ್ ತಾತ. ಅವರ ಮನೆಯೂ ಸೇರಿ ಎಲ್ಲರಿಗೂ ಅದೊಂದೇ. ಗಾಜಿನೊಳಗೆ ಬೆಳ್ಳಿಬಣ್ಣದ ಚಕ್ರ ಮೆಲ್ಲಗೆ ತಿರುಗುವುದನ್ನು ನೋಡುತ್ತ ನಿಂತರೆ ನನಗೆ ಜೊಂಪು ಹತ್ತುತ್ತಿತ್ತು, ತಾತನಿಗೆ ಇದ್ದ ನಿದ್ದೆಯೂ ಹಾರಿಹೋಗುತ್ತಿತ್ತು. ಬಾಡಿಗೆಯಲ್ಲೇ ಕರೆಂಟೂ ಸೇರಿದ್ದರಿಂದ ಮನೆಗೊಂದೇ ಬಲ್ಬು, ಇಸ್ತ್ರಿಪೆಟ್ಟಿಗೆ ಕೂಡದು ಎಂಬುದು ಅವರ ಕಟ್ಟಪ್ಪಣೆ.

ಒಂದು ಬೆಳಿಗ್ಗೆ ಯಜಮಾನರ ಅಂಗಿಗೆ ಕದ್ದು ಇಸ್ತ್ರಿ ಹಾಕುತ್ತಿದ್ದೆ.

"ಚಕ್ರ ಓಡ್ತಿದೆ! ಯಾರ್ರೀ ಅದು ಇಸ್ತ್ರಿ ಹಾಕ್ತಿರೋದು?" ಎಂದು ತಾತ ಕೂಗಿದರು.

"ನಾವಲ್ಲ ತಾತ!" ಎನ್ನುತ್ತ ಎಲ್ಲ ಬಾಗಿಲುಗಳಿಂದಲೂ ತಲೆಗಳು ಹೊರಬಂದವು. ನಾನೂ ಓಡಿಬಂದು, "ನಾನೂ ಅಲ್ಲ ತಾತ" ಅಂದೆ. ಕೈಯಲ್ಲಿ ಇಸ್ತ್ರಿಪೆಟ್ಟಿಗೆ ಹಾಗೇ ಇತ್ತು.

ಕಿಂಡಿ

ಪಕ್ಕದ ಮನೆಯ ಹೂವಿನಕ್ಕ ಮಾರ್ಕೆಟ್ಟಿನಿಂದ ಮೊಗ್ಗು ತಂದು, ಸಂಜೆಯೆಲ್ಲ ಕಟ್ಟಿ, ಬೆಳಗಿನ ಪೂಜೆಗೆ ಮನೆಮನೆಗೆ ಕೊಡುತ್ತಿದ್ದಳು. ಅವಳ ಸಂಸಾರ ನಡೆಯುತ್ತಿದ್ದುದೇ ಅದರಿಂದ. ನನ್ನ ಇಸ್ತ್ರಿ ಸಿಕ್ಕಿಬಿದ್ದ ಮೇಲೂ ಕರೆಂಟ್ ಬಿಲ್ಲು ಏರುತ್ತಲೇ ಇದ್ದುದರಿಂದ ತಾತನಿಗೆ ಅವಳ ಮೇಲೇ ಗುಮಾನಿ. "ಕರೆಂಟ್ ಕೊಟ್ಟಿರೋದು ಮನೆಗೆ, ವ್ಯಾಪಾರಕ್ಕಲ್ಲ" ಎಂದು ಅವಳ ಮನೆಯ ಫ್ಯೂಸು ಕಿತ್ತು ಜೇಬಿಗೆ ಹಾಕಿಕೊಂಡರು.

ನಮ್ಮ ಮನೆಗೂ ಅವಳ ಮನೆಗೂ ನಡುವಿನ ಗೋಡೆಯಲ್ಲಿ ಒಂದು ಕಿಂಡಿಯಿತ್ತು. ನಮ್ಮ ಬಲ್ಬನ್ನು ಅದರಲ್ಲಿ ನೇತುಹಾಕಿದೆವು. ಅರ್ಧ ಬೆಳಕು ಅವಳಿಗೆ ಹೋಗುತ್ತಿತ್ತು, ಅವಳ ಮಲ್ಲಿಗೆಯ ಘಮ ನಮಗೆ ಬರುತ್ತಿತ್ತು. ಕನಸಿನಂಥ ಸಂಜೆಗಳವು. ಆದರೆ ಮಲಗೋಣವೆಂದು ಯಜಮಾನರು ಸ್ವಿಚ್ಚಿಗೆ ಕೈಯಿಟ್ಟರೆ ಸಾಕು, ಗೋಡೆಯಾಚೆಯಿಂದ ದನಿ ಬರುತ್ತಿತ್ತು: "ಅಣ್ಣಾ, ಇನ್ನೊಂದ್ ಮೊಳ ಐತೆ, ವಸಿ ತಡ್ಕಳಣ್ಣ!"

ಪರೀಕ್ಷೆ

"ನಮ್ಗೆ ಬೇರೆ ಮೀಟರ್ ಹಾಕಿಸ್ಕೊಳಕ್ಕೆ ಒಪ್ಕೊಳ್ಳಿ ತಾತ" ಎಂದು ಹೂವಿನಕ್ಕ ಬೇಡಿಕೊಂಡಳು.

"ಕರೆಂಟ್ ತಿನ್ನೋರು ಯಾರೂಂತ ಮೊದ್ಲು ಗೊತ್ತಾಗ್ಲಿ" ಅಂದರು ತಾತ.

"ಈಗ್ಲೇ ನೋಡ್ಬಿಡಿ" ಎಂದು ಅವಳು ಬಾಡಿಗೆಯವರ ಮನೆಯ ದೀಪಗಳನ್ನೆಲ್ಲ ಆರಿಸುವಂತೆ ಮಾಡಿದಳು. ವಠಾರ ಮುಸ್ಸಂಜೆಯ ಮಬ್ಬಿನಲ್ಲಿ ಮುಳುಗಿತು. ತಾತ ಟಾರ್ಚು ಬಿಟ್ಟು ನೋಡಿದರೆ ಚಕ್ರ ಗಿರಗಿರ ತಿರುಗುತ್ತಿದೆ! ಅಷ್ಟರಲ್ಲಿ ಅವರದೇ ಮನೆಯೊಳಗಿಂದ ಅಜ್ಜಿಯ ಕೂಗು: "ರೀ, ಗೀಸರ್ ಹಾಕಿ ಎಷ್ಟೊತ್ತಾಯ್ತು, ಸ್ನಾನಕ್ಕೆ ಬನ್ರೀ!"

ಹೊಸ ಬಲ್ಬು

ತಾತ ತೆಪ್ಪಗೆ ಒಪ್ಪಿದರು, ಮನೆಗೊಂದು ಮೀಟರು ಬಂತು. ಮೊದಲ ಸಂಜೆ ಹೂವಿನಕ್ಕ ತನ್ನ ಬಲ್ಬು ಹಾಕಿ, ಹೂವು ಮುಟ್ಟದೆ, ಅದರ ಕೆಳಗೆ ಸುಮ್ಮನೆ ಕೂತಿದ್ದಳು.

ತಾತನಿಗೆ ಈಗ ಬೈಯಲು ಯಾರೂ ಉಳಿದಿರಲಿಲ್ಲ. ತಮ್ಮ ಮನೆಯ ದೀಪ ಆರಿಸಿ, ಪೇಪರು ಹಿಡಿದು ಅವಳ ಬಲ್ಬಿನ ಕೆಳಗೇ ಬಂದು ಕೂತರು. ಅವಳು ಏಳಿ ಎನ್ನಲಿಲ್ಲ. ಬೊಗಸೆ ಮೊಗ್ಗು, ಬಾಳೆನಾರು ಮುಂದಿಟ್ಟಳು. "ಸುಮ್ನೆ ಕೂತ್ರೂ ಚಕ್ರ ಓಡ್ತದೆ ತಾತ, ಒಂದ್ ಮೊಳ ಕಟ್ಟಿ."

ಮರುದಿನ ಬೆಳಿಗ್ಗೆ ಅಜ್ಜಿಯ ಮುಡಿಯಲ್ಲಿ ಒಂದು ಮಾಲೆ. ಮೊಗ್ಗುಗಳು ದಿಕ್ಕಿಗೊಂದು ಮುಖ ಮಾಡಿದ್ದವು.

"ಯಾರಜ್ಜಿ ಇದನ್ನ ಕಟ್ಟಿದ್ದು?" ಅಂದೆ.

ಅಜ್ಜಿ ಬಾಯಿ ತೆರೆಯುವ ಮೊದಲೇ ಕುರ್ಚಿಯಿಂದ ತಾತ ಕೂಗಿದರು: "ನಾನಲ್ಲ!"

ಅವರ ಬೆರಳಿಗೆ ಬಾಳೆನಾರು ಹಾಗೇ ಸುತ್ತಿಕೊಂಡಿತ್ತು.