ಹುಳು ನೋಡಬಾರದ ಕಾರ್ಟೂನು

ಸಿನಿಮಾಗಳಿಗೆ ಸರ್ಕಾರ ಸೆನ್ಸಾರ್ ಮಂಡಳಿ ಇಟ್ಟಿದೆ. ಟೀವಿಯಲ್ಲಿ ಬರುವ ಮಕ್ಕಳ ಕಾರ್ಟೂನಿಗೆ ಅಂಥದ್ದೇನಾದರೂ ಇದೆಯೋ ಇಲ್ಲವೋ ನನಗೆ ತಿಳಿಯದು. ಆದರೆ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ನಮ್ಮ ಊರಿನ ಮಟ್ಟಿಗೆ ಇತ್ತು. ಅದರ ಅಧ್ಯಕ್ಷೆ, ಕಾರ್ಯದರ್ಶಿ, ಸದಸ್ಯೆ, ಕತ್ತರಿ ಹಿಡಿಯುವವಳು ಎಲ್ಲವೂ ನಮ್ಮ ಸೋದರತ್ತೆ ಒಬ್ಬಳೇ. ಕತ್ತರಿ ಎಂದರೆ ಕತ್ತರಿಯಲ್ಲ, ಮೊರ. ರಾಗಿ ಕೇರುವ ಬಿದಿರಿನ ಮೊರ! ಟೀವಿಯಲ್ಲಿ ಬರಬಾರದ ದೃಶ್ಯ ಬಂತೆಂದರೆ ಅತ್ತೆ ಮೊರ ಎತ್ತಿ ಪರದೆಗೆ ಅಡ್ಡ ಹಿಡಿಯುತ್ತಿದ್ದಳು. ಅದು ಮುಗಿದ ಮೇಲೆ ಇಳಿಸುತ್ತಿದ್ದಳು.

ಇದರಲ್ಲೇನು ವಿಶೇಷ, ಮಕ್ಕಳಿರುವ ಮನೆಯಲ್ಲಿ ದೊಡ್ಡವರು ಇಷ್ಟಾದರೂ ಮಾಡಬೇಡವೇ ಅಂತೀರಾ? ಸ್ವಲ್ಪ ತಡೆಯಿರಿ. ಅತ್ತೆ ಸೆನ್ಸಾರ್ ಮಾಡುತ್ತಿದ್ದುದು ಮಕ್ಕಳಿಗಾಗಿ ಅಲ್ಲ. ಹುಳುಗಳಿಗಾಗಿ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಪ್ರತ್ಯೇಕ ಹುಳುಮನೆ ಕಟ್ಟಿಸುವಷ್ಟು ಅನುಕೂಲ ಆಗ ಇರಲಿಲ್ಲ. ನಡುಮನೆಯೇ ಹುಳುಮನೆ. ಒಂದು ಗೋಡೆಯ ಉದ್ದಕ್ಕೂ ಹುಳುವಿನ ತಟ್ಟೆಗಳು, ಎದುರು ಗೋಡೆಗೆ ಟೀವಿ, ಟೀವಿಯ ಮೇಲೆ ಕರಿ ಗೌನು ತೊಟ್ಟು, ದಪ್ಪ ಕನ್ನಡಕ ಹಾಕಿಕೊಂಡ ನನ್ನ ಪದವಿಯ ಫೋಟೋ. ನಮ್ಮ ವಂಶಕ್ಕೇ ಮೊದಲನೆಯ ಪದವೀಧರ ನಾನು. ಬಿ.ಎಸ್ಸಿ., ಪ್ರಾಣಿಶಾಸ್ತ್ರ. ಇದನ್ನು ಒಂದು ಸಲ ಹೇಳಿ ಸುಮ್ಮನಾಗುತ್ತೇನೆಂದು ದಯವಿಟ್ಟು ನಂಬಬೇಡಿ. ಚಿಲ್ಲರೆ ಕೇಳಿದ ಬಸ್ ಕಂಡಕ್ಟರಿಗೂ ಹೇಳಿದವನು ನಾನು.

ಅತ್ತೆಯ ಗಂಡನ ಮನೆ ನಮ್ಮ ಮನೆಯಿಂದ ಎರಡು ಬಾಗಿಲಾಚೆ. ಊಟ, ನಿದ್ದೆ ಅಲ್ಲಿ. ಬಾಕಿ ಬದುಕೆಲ್ಲ ನಮ್ಮಲ್ಲಿ, ಯಾಕೆಂದರೆ ಹುಳುಗಳಿದ್ದುದು ನಮ್ಮಲ್ಲಿ. ಅಪ್ಪ ಹೆಸರಿಗೆ ಯಜಮಾನ. ಯಾವಾಗ ಹಿಪ್ಪುನೇರಳೆ ಸೊಪ್ಪು ಹಾಕಬೇಕು, ಕಿಟಕಿ ಎಷ್ಟು ತೆರೆಯಬೇಕು, ಯಾರು ಒಳಗೆ ಬರಬಹುದು ಎಂಬುದೆಲ್ಲ ಅತ್ತೆಯ ಖಾತೆ. ಮುಖದ ಪೌಡರಿನ ವಾಸನೆ ಹುಳುಗಳಿಗೆ ಆಗುವುದಿಲ್ಲವೆಂದು, ಹೆಣ್ಣು ನೋಡಲು ಹೊರಟಿದ್ದ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಮುಖ ತೊಳೆಸಿದ್ದಳು. ಆ ಸಂಬಂಧ ಕೂಡಿಬರಲಿಲ್ಲ. ಹುಳುಗಳು ಆರೋಗ್ಯವಾಗಿದ್ದವು.

ಎರಡು ಸಾವಿರದ ನಾಲ್ಕನೆಯ ಇಸವಿ ಇರಬೇಕು. ಅದರ ಹಿಂದಿನ ಬೆಳೆ ಪೂರ್ತಿ ಕೈಬಿಟ್ಟಿತ್ತು. ಇನ್ನೇನು ಗೂಡು ಕಟ್ಟಬೇಕು ಅನ್ನುವಾಗ ಹುಳುಗಳು ಮೆತ್ತಗಾಗಿ ತಟ್ಟೆತಟ್ಟೆಯೇ ಸತ್ತುಹೋದವು. ಗುಂಡಿ ತೋಡಿ ಮುಚ್ಚಿದೆವು. ಅತ್ತೆ ಅನ್ನ ಮುಟ್ಟಲಿಲ್ಲ. ನಾನು ಆ ರೋಗದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿದೆ. ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ. ಅತ್ತೆ ತಾನೇ ಕಾರಣ ಹುಡುಕುತ್ತ ಹುಡುಕುತ್ತ ಕೊನೆಗೆ ಟೀವಿಯ ಮುಂದೆ ಬಂದು ನಿಂತಳು. ಹುಳುಗಳಿಗೆ ಕಾಯಿಲೆ ತಗಲುವ ಹಿಂದಿನ ದಿನ ನಮ್ಮಣ್ಣನ ಮಗಳು ಪುಟ್ಟಿ ನೋಡುತ್ತಿದ್ದ ಕಾರ್ಟೂನಿನಲ್ಲಿ, ಟೋಪಿ ಹಾಕಿಕೊಂಡ ಕಾಗೆಯೊಂದು ಮಣ್ಣಿನಿಂದ ಹುಳುವನ್ನು ಶಾವಿಗೆಯ ಹಾಗೆ ಎಳೆದೆಳೆದು ತಿಂದಿತ್ತಂತೆ.

“ಎದುರಿಗೇ ಅಂಥಾದ್ದು ತೋರ್ಸುದ್ರೆ ಅವುಕ್ಕೆ ಎದೆ ಒಡ್ಯಲ್ವೇನೋ?”

ಮುಂದಿನ ಬೆಳೆಯ ಮೊಟ್ಟೆ ಮನೆಗೆ ಬಂದ ದಿನವೇ ಮೊರವೂ ಟೀವಿಯ ಪಕ್ಕಕ್ಕೆ ಬಂತು. ಈ ಬೆಳೆಯೂ ಹೋದರೆ ತಾನು ಇನ್ನು ಹುಳು ಮುಟ್ಟುವುದಿಲ್ಲವೆಂದು ಅತ್ತೆ ಅಪ್ಪನಿಗೆ ಹೇಳಿದ್ದಳು. ಹುಳು ಮುಟ್ಟದ ಅತ್ತೆ ಹೇಗಿರಬಹುದೆಂದು ನಮಗ್ಯಾರಿಗೂ ಊಹೆಗೇ ಬರಲಿಲ್ಲ.

ಮಂಡಳಿಯ ನಿಯಮಗಳು ಕಟ್ಟುನಿಟ್ಟು. ಕಾಗೆ, ಹಲ್ಲಿ, ಇರುವೆ, ನೊಣ ಪರದೆಯ ಮೇಲೆ ಬರಕೂಡದು. ಬಾಂಬು ಸಿಡಿಯಕೂಡದು, ಹುಳುಗಳು ಬೆಚ್ಚುತ್ತವೆ. ಇನ್ನು ಒಲೆಯ ಮೇಲೆ ಹಂಡೆ ಕುದಿಯುವ ದೃಶ್ಯವಂತೂ ಹಂಡೆಯ ಕಂಠ ಕಂಡರೆ ಸಾಕು, ಮೊರ ಎದ್ದಿತೆಂದೇ ಲೆಕ್ಕ. ಆದರೆ ರಾಜಕುಮಾರ ರಾಜಕುಮಾರಿಗೆ ಮುತ್ತಿಡುವಾಗ ಅಮ್ಮ ಗಾಬರಿಯಾಗಿ ಪುಟ್ಟಿಯ ಕಣ್ಣು ಮುಚ್ಚಿದರೆ ಅತ್ತೆ ನಿರಾಳವಾಗಿ ಸೊಪ್ಪು ಹೆಚ್ಚುತ್ತ ಕೂತಿರುತ್ತಿದ್ದಳು.

“ಕೊಟ್ಕೊಳ್ಳಲಿ ಬಿಡತ್ತಿಗೆ, ಅದ್ರಿಂದ ಹುಳಕ್ಕೇನಾಗುತ್ತೆ?”

ಭಾಷೆಯ ಪ್ರಶ್ನೆಯೂ ಎದ್ದಿತು. ಆಗ ಕನ್ನಡದಲ್ಲಿ ಕಾರ್ಟೂನು ಎಲ್ಲಿತ್ತು? ನಮ್ಮ ಕೇಬಲ್ಲಿನಲ್ಲಿ ಬೆಕ್ಕು, ನಾಯಿ, ರಾಕ್ಷಸರೆಲ್ಲ ತೆಲುಗು ಇಲ್ಲವೇ ಹಿಂದಿ ಮಾತಾಡುತ್ತಿದ್ದರು. ಅತ್ತೆ ತೆಲುಗು ಚಾನೆಲ್ಲಿಗೆ ನಿಷೇಧ ಹಾಕಿದಳು. ಆಂಧ್ರದ ಗಡಿಗೆ ಅಂಟಿದ ನಮ್ಮ ಸೀಮೆಯಲ್ಲಿ ಹುಟ್ಟಿದ ಹುಳುವಿಗೆ ತೆಲುಗು ಬರದೇ ಇರುತ್ತದೆಯೇ! ಹಿಂದಿ ಆದರೆ ಅವಕ್ಕೆ ಅರ್ಥವಾಗುವುದಿಲ್ಲ, ಬೇಕಾದಷ್ಟು ನೋಡಿಕೊಳ್ಳಿ ಎಂದು ಅಪ್ಪಣೆಯಾಯಿತು. ಪುಟ್ಟಿ ಇವತ್ತು ಹಿಂದಿಯನ್ನು ನೀರು ಕುಡಿದಷ್ಟು ಸಲೀಸಾಗಿ ಮಾತಾಡುತ್ತಾಳೆ. ಅವಳು ಓದಿದ ಶಾಲೆಯವರು ಅದು ತಮ್ಮ ಸಾಧನೆ ಎಂದುಕೊಂಡಿದ್ದಾರೆ.

ಇಷ್ಟೆಲ್ಲ ನಡೆಯುವಾಗ ಪದವೀಧರನಾದ ನಾನು ಕೈಕಟ್ಟಿ ಕೂರಲಾದೀತೇ? ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಭಾಷಣ ಮಾಡಿ ಎರಡನೆಯ ಬಹುಮಾನ ಪಡೆದವನು ನಾನು. ಸ್ಪರ್ಧೆಗೆ ಬಂದಿದ್ದವರು ಇಬ್ಬರೇ ಎಂಬುದು ಬೇರೆ ಮಾತು. ಒಂದು ಸಂಜೆ ಕುರ್ಚಿ ಎಳೆದುಕೊಂಡು ಅತ್ತೆಯ ಎದುರು ಕೂತೆ.

“ಅತ್ತೆ, ಹುಳಕ್ಕೆ ಕಿವೀನೇ ಇಲ್ಲ. ನಾನು ಓದಿದೀನಿ.”

“ಕಿವಿ ಇರೋ ನೀನು ಇಲ್ಲೀಗಂಟ ಎಷ್ಟು ಮಾತು ಕೇಳಿದೀಯಪ್ಪ?”

“ಕಣ್ಣೂ ಸರಿಯಾಗಿ ಕಾಣಲ್ಲ. ಬೆಳಕು, ಕತ್ತಲೆ ಅಷ್ಟೇ ಗೊತ್ತಾಗೋದು.”

“ಕನ್ನಡಕ ತೆಗುದ್ರೆ ನಿಂಗೂ ಅಷ್ಟೇ ಅಲ್ವೇನೋ.”

ನಾನು ಪಟ್ಟು ಬಿಡದೆ, ಹುಳು ಹಾಳಾಗಲಿ, ಮಗುವಿನಿಂದ ಸತ್ಯ ಮುಚ್ಚಿಡುವುದು ತಪ್ಪು, ಲೋಕದಲ್ಲಿ ಕಾಗೆ ಹುಳು ತಿನ್ನುವುದು ನಿಜವಾದ ಮೇಲೆ ಅದನ್ನು ತೋರಿಸಲೇಬೇಕು ಎಂದೆಲ್ಲ ದನಿ ಎತ್ತರಿಸಿ ಹೇಳತೊಡಗಿದೆ. ಅತ್ತೆ ಪೂರ್ತಿ ಕೇಳಿದಳು. ಆಮೇಲೆ ಭಾಷಣ ಮೆಲ್ಲಗೆ ಮಾಡು, ಹುಳು ಜ್ವರಕ್ಕೆ ಕೂತಿವೆ ಅಂದಳು. ಪೊರೆ ಕಳಚುವ ಮುಂಚೆ ಹುಳುಗಳು ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲ್ಲಾಡದೆ ಇರುತ್ತವಲ್ಲ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ನೋಡಿದೆ. ಅಷ್ಟೂ ತಟ್ಟೆಗಳಲ್ಲಿ ಸಾವಿರಾರು ತಲೆಗಳು ಎತ್ತಿದಂತೆಯೇ ಇದ್ದವು. ನನ್ನ ಭಾಷಣವನ್ನು ಅಷ್ಟು ಜನ ಅಷ್ಟು ಗಮನವಿಟ್ಟು ಕೇಳಿದ್ದು ಅದೇ ಮೊದಲು, ಅದೇ ಕೊನೆ.

ಮಾತಿನಲ್ಲಿ ಗೆಲ್ಲದಿದ್ದರೇನು, ಪ್ರಯೋಗ ಇದೆಯಲ್ಲ! ಒಂದು ಭಾನುವಾರ ಅತ್ತೆ ಸೊಪ್ಪು ಕೊಯ್ಯಲು ತೋಟಕ್ಕೆ ಹೋದಾಗ ಪುಟ್ಟಿಯನ್ನು ಕೂರಿಸಿಕೊಂಡು, ಇವತ್ತು ಕತ್ತರಿ ಇಲ್ಲದ ಕಾರ್ಟೂನು ನೋಡೋಣ ಎಂದು ತೆಲುಗು ಚಾನೆಲ್ಲನ್ನೇ ಹಾಕಿದೆ. ಸ್ವಲ್ಪ ಹೊತ್ತಿಗೆ ಅದೇ ಟೋಪಿಯ ಕಾಗೆ ಬಂತು. ಮಣ್ಣು ಕೆದಕಿತು. ಹಿಂದುಗಡೆ ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು. ಕಾಗೆ ಕೊಕ್ಕು ತೆರೆಯಿತು. ಅಷ್ಟರಲ್ಲಿ ನನಗೊಂದು ಯೋಚನೆ ಬಂತು. ಅಕಸ್ಮಾತ್ ಈ ಬೆಳೆಯೂ ಹೋದರೆ ಮನೆಯವರೆಲ್ಲ ಯಾರ ಕಡೆ ನೋಡುತ್ತಾರೆ? ಕಾಗೆಯ ಕಡೆಯಂತೂ ಅಲ್ಲ.

ವಿಜ್ಞಾನದ ಮೇಲಿನ ನನ್ನ ನಂಬಿಕೆ ಎಷ್ಟು ಗಟ್ಟಿಯಾಗಿತ್ತೆಂದರೆ, ಕಾಗೆ ಹುಳುವಿಗೆ ಬಾಯಿ ಹಾಕುವ ಮುಂಚೆಯೇ ಮೊರ ನನ್ನ ಕೈಯಲ್ಲಿತ್ತು! ಅತ್ತೆಯನ್ನು ಅಜ್ಜಿ ಎನ್ನುತ್ತಿದ್ದ ಪುಟ್ಟಿ ನನ್ನನ್ನೊಮ್ಮೆ, ಮೊರವನ್ನೊಮ್ಮೆ ನೋಡಿ, ಅಜ್ಜಿ ನಿನಗೂ ಕಲಿಸಿಬಿಟ್ಟಳಾ ಚಿಕ್ಕಪ್ಪ ಎಂದು ಕೇಳಿದಳು. ಯಾರಿಗೂ ಹೇಳಬೇಡವೆಂದು ಚಾಕೊಲೇಟು ಕೊಡಿಸಿದೆ. ತಿಂದಳು. ಸಂಜೆ ಎಲ್ಲರಿಗೂ ಹೇಳಿದಳು.

ಅತ್ತೆಯ ಇನ್ನೊಂದು ವಿಚಿತ್ರವನ್ನೂ ಇಲ್ಲೇ ಹೇಳಬೇಕು. ಗೂಡು ಮಾರಲು ಶಿಡ್ಲಘಟ್ಟದ ಮಾರುಕಟ್ಟೆಗೆ ಅವಳೂ ಅಪ್ಪನ ಜೊತೆ ಹೋಗುತ್ತಿದ್ದಳು. ಚೀಲಗಳು ಕೈಬದಲಾದ ಮೇಲೆ ಒಂದು ನಿಮಿಷ ನಿಲ್ಲುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹತ್ತಿರದ ದಾರಿ ಗೂಡಿನಿಂದ ನೂಲು ತೆಗೆಯುವ ಫಿಲೇಚರುಗಳ ಬೀದಿ. ಅತ್ತೆ ಮಾತ್ರ ಎಂಥ ಬಿಸಿಲಿನಲ್ಲೂ ಊರು ಸುತ್ತಿಕೊಂಡು ಬರುತ್ತಿದ್ದಳು. ಆ ಬೀದಿಯ ಆವಿಯ ವಾಸನೆಗೆ ತಲೆನೋವು ಬರುತ್ತದೆ ಅನ್ನುತ್ತಿದ್ದಳು. ನಾನೂ ತಲೆನೋವೇ ಇರಬೇಕು ಅಂದುಕೊಂಡಿದ್ದೆ.

ಆ ಸಲ ಬೆಳೆ ಗೆದ್ದಿತು. ಗೂಡುಗಳು ಬೆಳ್ಳಗೆ, ಗಟ್ಟಿಯಾಗಿ, ನೋಡಿದವರ ಕಣ್ಣು ಬೀಳುವಂತೆ ಬಂದವು. ಬಿಡಿಸಿ ಚೀಲಗಳಿಗೆ ತುಂಬಿ ನಡುಮನೆಯಲ್ಲೇ ಸಾಲಾಗಿ ಇಟ್ಟೆವು. ಬೆಳಿಗ್ಗೆ ಮಾರುಕಟ್ಟೆಗೆ ಹೋಗಬೇಕಿತ್ತು. ತಟ್ಟೆಗಳು ಖಾಲಿಯಾದ್ದರಿಂದ ಸೆನ್ಸಾರ್ ರದ್ದಾಗಿದೆ ಎಂದು ನಾನೇ ಘೋಷಿಸಿ ಪುಟ್ಟಿಗೆ ಟೀವಿ ಹಾಕಿಕೊಟ್ಟೆ. ಮಾಟಗಾತಿಯೊಬ್ಬಳು ದೊಡ್ಡ ಹಂಡೆಯಲ್ಲಿ ನೀರು ಕುದಿಸುತ್ತಿದ್ದಳು. ಚೀಲದ ಬಾಯಿ ಕಟ್ಟುತ್ತಿದ್ದ ಅತ್ತೆ ಎದ್ದು ಬಂದು ಮೊರ ಹಿಡಿದಳು.

“ಅತ್ತೆ, ತಟ್ಟೇಲಿ ಒಂದು ಹುಳನೂ ಇಲ್ಲ.”

“ಚೀಲದಲ್ಲಿ ಇದಾವಲ್ಲಪ್ಪ.”

ಪುಟ್ಟಿ ಚೀಲಗಳ ಕಡೆ ತಿರುಗಿ ನೋಡಿದಳು. ಅವಳಿಗೆ ಅದುವರೆಗೆ ಹೊಳೆಯದೇ ಇದ್ದದ್ದು ಆಗ ಹೊಳೆಯಿತೆಂದು ಕಾಣುತ್ತದೆ.

“ಅಜ್ಜಿ, ಮಾರ್ಕೆಟ್ಟಲ್ಲಿ ತಗೊಂಡೋರು ಹುಳನ ಗೂಡಿಂದ ಹೆಂಗೆ ಈಚೆ ತೆಗೀತಾರೆ?”

ಅತ್ತೆ ಗದ್ದದಿಂದ ನನ್ನ ಕಡೆ ತೋರಿಸಿದಳು. ಹುಳುವಿನ ವಿಷಯವನ್ನು ಅವಳು ಇನ್ನೊಬ್ಬರಿಗೆ ಬಿಟ್ಟುಕೊಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

“ನಿಮ್ಮ ಚಿಕ್ಕಪ್ಪ ಅದ್ನೇ ಓದಿರೋದು ಕಣಮ್ಮ. ಅವನ್ನ ಕೇಳು.”

ಓದಿದ್ದೆ. ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ. ಒಳಗಿನ ಹುಳುವಿನ ಸಮೇತ ಗೂಡನ್ನು ಕುದಿಯುವ ನೀರಿಗೆ ಹಾಕುತ್ತಾರೆ. ಇಷ್ಟೇ ಉತ್ತರ. ಮಗುವಿನಿಂದ ಸತ್ಯ ಮುಚ್ಚಿಡುವುದು ತಪ್ಪೆಂದು ಇದೇ ಜಾಗದಲ್ಲಿ ಕುರ್ಚಿ ಹಾಕಿಕೊಂಡು ಹೇಳಿದ್ದ ನಾನು ಪುಟ್ಟಿಯ ಪಕ್ಕ ನೆಲದ ಮೇಲೆ ಕೂತೆ.

“ಎಳೆ ತುದಿ ಹುಡುಕಿ ಮೆಲ್ಲಗೆ ಬಿಚ್ತಾರೆ ಪುಟ್ಟಿ. ಎಲ್ಲಾ ಬಿಚ್ಚಿದ ಮೇಲೆ ಒಳಗಡೆ ಚಿಟ್ಟೆ ಇರುತ್ತೆ. ಹಾರಿ ಹೋಗುತ್ತೆ.”

ಪುಟ್ಟಿಗೆ ಒಪ್ಪಿಗೆಯಾಯಿತು. ಮತ್ತೆ ಟೀವಿಯ ಕಡೆಗೆ, ಅಂದರೆ ಮೊರದ ಕಡೆಗೆ ತಿರುಗಿದಳು. ಅತ್ತೆ ಮಾತ್ರ ಮೊರ ಹಿಡಿದ ಹಾಗೇ ನನ್ನನ್ನು ನೋಡುತ್ತಿದ್ದಳು. ಅವಳಿಗೆ ಗೊತ್ತಿಲ್ಲವೇ? ಗೊತ್ತಿಲ್ಲದೆ ಯಾರಾದರೂ ಇಷ್ಟು ವರ್ಷ ಬಿಸಿಲಿನಲ್ಲಿ ಸುತ್ತು ದಾರಿ ನಡೆಯುತ್ತಾರೆಯೇ?

“ಹಂಗೇನೋ?” ಅಂದಳು, ಪುಟ್ಟಿಗಿಂತ ಸಣ್ಣ ದನಿಯಲ್ಲಿ.

“ಹೂಂ ಅತ್ತೆ. ಹಂಗೇನೇ.”

“ಪೋನೀಲೇ, ಹೋಗ್ಲಿ ಬಿಡು. ಓದಿರೋನು ಹೇಳ್ತಿದೀಯ.”

ಎದ್ದು ಹೋಗಿ ಅವಳ ಕೈಯಿಂದ ಮೊರವನ್ನು ನಾನು ತೆಗೆದುಕೊಂಡೆ. ಮಾಟಗಾತಿಯ ಹಂಡೆ ಇನ್ನೂ ಕುದಿಯುತ್ತಲೇ ಇತ್ತು. ಅದರ ಸದ್ದು ನಿಲ್ಲುವವರೆಗೂ ಟೀವಿಗೆ ಅಡ್ಡ ಹಿಡಿದುಕೊಂಡು ನಿಂತಿದ್ದೆ, ಗೌನು ತೊಟ್ಟ ನನ್ನದೇ ಫೋಟೋದ ಕೆಳಗೆ.